ಒಳ್ಳೆಯ ಕೇಸ್

ಮೊದಲ ಸಲ ಉಸಿರು ಕೈಕೊಟ್ಟದ್ದು ಜೋಳದ ಹಿಟ್ಟಿನ ಚೀಲ ಹಿಡಿದು ಮೆಟ್ಟಿಲು ಹತ್ತುವಾಗ. ವಡೋದರಾದ ಗೋರ್ವಾ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಇದೆ, ಆದರೆ ಅದು ನಡೆಯುವುದು ಅದರ ಮರ್ಜಿ. ಘಂಟಿಯಲ್ಲಿ, ಅಂದರೆ ಇಲ್ಲಿಯ ಹಿಟ್ಟಿನ ಗಿರಣಿಯಲ್ಲಿ, ಜೋಳ ಬೀಸಿಸಿಕೊಂಡು ಬರುತ್ತಿದ್ದೆ. ಎರಡನೇ ಮಹಡಿಯಲ್ಲಿ ಜಶೋದಾಬೆನ್ ಅವರ ಬಾಗಿಲ ಮುಂದೆ ನಿಂತವಳಿಗೆ ಮುಂದಿನ ಮೆಟ್ಟಿಲಿಗೆ ಕಾಲು ಎತ್ತಲು ಆಗಲಿಲ್ಲ. ಉಸಿರು ಒಳಗೆ ಹೋಗುತ್ತಿತ್ತು, ಸಾಲುತ್ತಿರಲಿಲ್ಲ. ಚೀಲ ಕೆಳಗಿಟ್ಟು ಅವರ ಚಪ್ಪಲಿ ಸ್ಟ್ಯಾಂಡಿನ ಮೇಲೆಯೇ ಕುಳಿತುಬಿಟ್ಟೆ.

ಆ ಕುಳಿತದ್ದು ನನ್ನನ್ನು ಆಸ್ಪತ್ರೆಗೆ ಮುಟ್ಟಿಸಿತು. ಹೃದಯದ ಎಕೋ ಸ್ಕ್ಯಾನ್ ಮಾಡಿದರು. ಮೈಟ್ರಲ್ ಸ್ಟೆನೋಸಿಸ್ ಎಂದರು. ಚಿಕ್ಕಂದಿನಲ್ಲಿ ಗದಗಿನಲ್ಲಿ ಬಂದು ಹೋಗಿದ್ದ ಕೀಲುನೋವಿನ ಜ್ವರ ಹೃದಯದ ಒಂದು ವಾಲ್ವನ್ನು ಬಿಗಿ ಮಾಡಿಟ್ಟು ಹೋಗಿತ್ತಂತೆ. ಇಷ್ಟು ವರ್ಷ ಅದು ಒಳಗೆ ಸುಮ್ಮನೆ ಕುಳಿತಿತ್ತು. ಮಾತ್ರೆ ಕೊಟ್ಟರು, ಆಗಾಗ ಪೆನಿಸಿಲಿನ್ ಇಂಜೆಕ್ಷನ್ ಬರೆದರು. ಉಪ್ಪು ಕಡಿಮೆ, ಭಾರ ಎತ್ತುವ ಹಾಗಿಲ್ಲ. ನಮ್ಮನೆಯವರು ವಿಮಾ ಕಚೇರಿಯ ನೌಕರರು, ಹುಬ್ಬಳ್ಳಿಯಿಂದ ವಡೋದರಾಕ್ಕೆ ವರ್ಗವಾಗಿ ಬಂದವರು. ಹಿಟ್ಟಿನ ಚೀಲದ ಜವಾಬ್ದಾರಿ ಅವತ್ತಿನಿಂದ ಅವರ ಹೆಗಲೇರಿತು.

ನಾನು ತೋರಿಸುತ್ತಿದ್ದುದು ಡಾಕ್ಟರುಗಳನ್ನು ತಯಾರು ಮಾಡುವ ದೊಡ್ಡ ಆಸ್ಪತ್ರೆ. ಅಲ್ಲಿ ರೋಗಿಗಿಂತ ಕಲಿಯುವವರೇ ಹೆಚ್ಚು. ಎರಡನೇ ಭೇಟಿಯಲ್ಲೇ ನನ್ನ ಮಂಚದ ಸುತ್ತ ಬಿಳಿ ಕೋಟುಗಳು ಮುತ್ತಿಕೊಂಡವು. ಒಬ್ಬೊಬ್ಬರೂ ಸ್ಟೆಥಸ್ಕೋಪ್ ಇಟ್ಟು ಕೇಳಿ, ಕಣ್ಣರಳಿಸಿ, ಪಕ್ಕದವರಿಗೆ ಜಾಗ ಬಿಟ್ಟರು. ನನ್ನ ಎದೆಯ ಸದ್ದು ಪುಸ್ತಕದಲ್ಲಿ ಬರೆದ ಹಾಗೆಯೇ ಇದೆಯಂತೆ. "ಸುಮಿತ್ರಾಬೆನ್ ಬಹಳ ಒಳ್ಳೆಯ ಕೇಸ್" ಎಂದ ಡಾಕ್ಟರ್ ಮೌಲಿಕ್, ಅಲ್ಲಿಯ ಹಿರಿಯ ರೆಸಿಡೆಂಟ್.

ಸುಳ್ಳೇಕೆ ಹೇಳಲಿ, ಹಿಗ್ಗಿದೆ. ಅಡುಗೆ ಚೆನ್ನಾಗಿದೆ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ಇಲ್ಲಿ ಓದಿದವರು ಸಾಲಾಗಿ ನಿಂತು ನನ್ನ ಹೃದಯವನ್ನು ಹೊಗಳುತ್ತಿದ್ದರು, ಅದೂ ಕೆಟ್ಟಿರುವ ಹೃದಯವನ್ನು.

ಅಂದಿನಿಂದ ಡಿಪಾರ್ಟ್‌ಮೆಂಟಿನಲ್ಲಿ ಪರೀಕ್ಷೆ ಇದ್ದಾಗಲೆಲ್ಲ ಮೌಲಿಕ್ ಫೋನ್ ಮಾಡುತ್ತಿದ್ದ. ಆಸ್ಪತ್ರೆಗೆ ಹೋಗಿ ಮಂಚದ ಮೇಲೆ ಮಲಗುವುದು, ಪರೀಕ್ಷೆ ಬರೆಯುವ ಡಾಕ್ಟರ್ ಬಂದು ಕೇಳಿದ್ದಕ್ಕೆ ಉತ್ತರ ಕೊಡುವುದು. ಬಿಮಾರಿಯ ಹೆಸರು ಮಾತ್ರ ಹೇಳಬಾರದು, ಅದನ್ನು ಅವರೇ ಕಂಡುಹಿಡಿಯಬೇಕು. ನನಗೆ ಕತೆ ಬಾಯಿಪಾಠವಾಗಿಬಿಟ್ಟಿತು. ಮೆಟ್ಟಿಲು ಹತ್ತಿದರೆ ಉಸಿರು, ಮಲಗಿದರೆ ಎರಡು ದಿಂಬು, ಚಿಕ್ಕಂದಿನಲ್ಲಿ ಕೀಲುನೋವು. ಎಡಕ್ಕೆ ಹೊರಳಿ ಎನ್ನುವ ಮೊದಲೇ ಹೊರಳುತ್ತಿದ್ದೆ.

ಈ ಸಲದ ಕರೆ ಬಂದಾಗ ನನಗೆ ಜ್ವರವಿತ್ತು.

ದೊಡ್ಡ ಜ್ವರವಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುವುದು, ಬೆಳಗಾಗುವಷ್ಟರಲ್ಲಿ ಬೆವರಿ ಇಳಿಯುವುದು. ಕೆಲವು ವಾರಗಳಿಂದ ಹೀಗೇ ನಡೆದಿತ್ತು. ನಮ್ಮ ಏರಿಯಾದ ಡಾಕ್ಟರು ವೈರಲ್ ಎಂದು ಮಾತ್ರೆ ಕೊಟ್ಟರು. ಬಿಟ್ಟಿತು, ಮತ್ತೆ ಬಂತು. ಆಗ ನಾನು ಜ್ವರವನ್ನು ಒಬ್ಬ ಡಾಕ್ಟರಿಗೂ ಹೃದಯವನ್ನು ಇನ್ನೊಬ್ಬರಿಗೂ ಹಂಚಿಬಿಟ್ಟಿದ್ದೆ. ಜ್ವರ ಗೋರ್ವಾದ ಡಾಕ್ಟರದು, ಹೃದಯ ದೊಡ್ಡ ಆಸ್ಪತ್ರೆಯದು. ನಮ್ಮಂಥ ವರ್ಗಾವಣೆಯ ಸಂಸಾರಗಳಲ್ಲಿ ಎಲ್ಲವನ್ನೂ ಒಟ್ಟಿಗೆ ಬಲ್ಲ ಒಬ್ಬ ಡಾಕ್ಟರು ಇರುವುದೇ ಇಲ್ಲ.

ಅದೇ ವಾರ ಜಶೋದಾಬೆನ್ ಮಗಳ ಮದುವೆಯೂ ಇತ್ತು. ಮೆಹಂದಿಯವಳು ನನ್ನ ಕೈಯನ್ನೂ ಬಿಡಲಿಲ್ಲ, ಮೊಣಕೈವರೆಗೆ ಬಳ್ಳಿ ಬಿಡಿಸಿದಳು. ಬೆರಳ ತುದಿಗಳನ್ನು ಉಗುರು ಸಮೇತ ಅದ್ದಿದ ಹಾಗೆ ಕೆಂಪು ಮಾಡಿದಳು. ಮದುವೆಯಲ್ಲಿ ಹೆಂಗಸರೆಲ್ಲ ನಾನು ತೆಳ್ಳಗಾಗಿದ್ದೇನೆಂದು ಹೊಟ್ಟೆಕಿಚ್ಚುಪಟ್ಟರು. ನನಗೆ ಖುಷಿಯೇ ಆಯಿತು. ಹೊಸ ಚಪ್ಪಲಿ ಕಚ್ಚಿ ಕಾಲಿನ ಬೆರಳು ನೋಯುತ್ತಿತ್ತು, ಅದೊಂದೇ ತಕರಾರು.

ಪರೀಕ್ಷೆಯ ಬೆಳಿಗ್ಗೆ ನಮ್ಮನೆಯವರು ಬಾಗಿಲಲ್ಲೇ ನಿಂತು ಕೇಳಿದರು.

"ಜ್ವರದ ಸುದ್ದಿ ಅವರಿಗೆ ಹೇಳೀಯೇನು?"

"ಫೋನಿನ್ಯಾಗ ಮೌಲಿಕ್‌ಗ ಹೇಳೀನ್ರೀ. ಪರೀಕ್ಷಾದಾಗ ಅದನ್ನ ಎತ್ತಬ್ಯಾಡ್ರಿ ಅಂದಾನ. ಹುಡುಗ್ರು ಗಲಿಬಿಲಿ ಆಗ್ತಾರಂತ. ಪರೀಕ್ಷಾ ಮುಗಿದ ಮ್ಯಾಲ ತಾನ ನೋಡ್ತಾನಂತ."

"ಮತ್ತ ನೀ ಯಾಕ ಹೊಂಟಿ? ಮನ್ಯಾಗ ಬಿದ್ಕೊ ಸುಮ್ನ."

"ಮಾತು ಕೊಟ್ಟೀನಿ."

ಕಾಲೇಜಿಗೆ ಹೊರಟಿದ್ದ ಮಗಳು ಪೂರ್ವಾ ನಡುವೆ ಬಾಯಿ ಹಾಕಿದಳು. ಅವಳು ಬೆಳೆದದ್ದೆಲ್ಲ ಇಲ್ಲೇ, ಅವಳ ಕನ್ನಡಕ್ಕೆ ಮೂರು ಭಾಷೆಯ ಒಗ್ಗರಣೆ. "ಮಮ್ಮಿ, ಫೀವರ್ ಅಂದ್ರೆ ಫೀವರ್ ಹೇಳು ನಾ. ಎಕ್ಸಾಮ್ ಅವರದು, ನಿಂದು ಥೋಡಿ ಇದೆ, ನಿಂದಲ್ಲ!"

ನಕ್ಕು, ಒಂದು ಪ್ಯಾರಾಸಿಟಮಾಲ್ ನುಂಗಿ ಹೊರಟೆ. ಆಫೀಸಿಗೆ ಹೋಗುವ ದಾರಿಯಲ್ಲಿ ನಮ್ಮನೆಯವರು ಸ್ಕೂಟರಿನಲ್ಲಿ ಬಿಟ್ಟುಹೋದರು.

ಈ ಸಲದ ಪರೀಕ್ಷೆ ಹೊಸ ನಮೂನೆಯದು ಎಂದು ಮೌಲಿಕ್ ವಿವರಿಸಿದ. ಮೊದಲೆಲ್ಲ ಡಾಕ್ಟರ್ ರೋಗಿಯನ್ನು ನೋಡಿ ಮುಗಿಸಿದ ಮೇಲೆ ಪರೀಕ್ಷಕರು ಬಂದು ಪ್ರಶ್ನೆ ಕೇಳುತ್ತಿದ್ದರು. ಈಗ ಶುರುವಿನಿಂದ ಕೊನೆಯವರೆಗೆ ಪಕ್ಕದಲ್ಲೇ ಕೂತು ನೋಡುತ್ತಾರೆ. ಕೈ ತೊಳೆದರೇ, ಹೆಸರು ಹೇಳಿಕೊಂಡರೇ, ಪರದೆ ಎಳೆದರೇ, ರೋಗಿಯ ಮಾತು ಕೇಳಿದರೇ, ಎಲ್ಲಕ್ಕೂ ಅಂಕ. ನಡುವೆ ಅವರು ಒಂದು ಮಾತೂ ಆಡುವಂತಿಲ್ಲ, ಮುಖದಲ್ಲಿ ಏನನ್ನೂ ತೋರಿಸುವಂತಿಲ್ಲ. ಗಂಟೆ ಹೊಡೆದರೆ ಮುಗಿಯಿತು, ಮುಂದಿನ ಮಂಚಕ್ಕೆ.

"ಕೊನೆಗೆ ನಿಮ್ಮನ್ನೂ ಒಂದು ಪ್ರಶ್ನೆ ಕೇಳುತ್ತಾರೆ ಮಾಸಿ. ಇನ್ನೊಮ್ಮೆ ಕಾಯಿಲೆಯಾದರೆ ಇದೇ ಡಾಕ್ಟರ ಹತ್ತಿರ ಬರುತ್ತೀರಾ ಅಂತ. ಹೌದು ಅಂದುಬಿಡಿ, ಬಡಪಾಯಿಗಳು!" ಎಂದ. ಅವನಿಗೆ ನಾನು ಮಾಸಿ, ಅಂದರೆ ಚಿಕ್ಕಮ್ಮ.

ಪರೀಕ್ಷಕರು ಸೂರತ್‌ನಿಂದ ಬಂದವರು. ವಯಸ್ಸಾದವರು, ಕನ್ನಡಕ. ಮೂಲೆಯ ಸ್ಟೂಲಿನ ಮೇಲೆ ಗೋಡೆಯ ಹಾಗೆ ಕುಳಿತರು. ಪರದೆ ಸರಿಸಿಕೊಂಡು ಬಂದ ಹುಡುಗಿ ಡಾಕ್ಟರ್ ಹೇತಲ್. ತೆಳುವಾದ ದನಿ. ತೊಳೆದ ಕೈ ಒರೆಸಿಕೊಳ್ಳುವುದನ್ನು ಮರೆತಿದ್ದಳು, ನೀರು ನನ್ನ ಮುಂಗೈ ಮೇಲೆ ತೊಟ್ಟಿಕ್ಕಿತು. ಅಯ್ಯೋ, ಇವಳು ಪಾಸಾಗುವ ಪೈಕಿ ಅಲ್ಲ ಎಂದುಕೊಂಡೆ.

ನಾನು ನನ್ನ ಬಾಯಿಪಾಠ ಒಪ್ಪಿಸಿದೆ. ಮೆಟ್ಟಿಲು, ದಿಂಬು, ಕೀಲುನೋವು.

"ಬುಖಾರ್?" ಎಂದಳು, ಜ್ವರವಿದೆಯೇ ಎಂದು.

"ಇಲ್ಲ" ಎಂದೆ.

ಅವಳು ಪರೀಕ್ಷೆ ಮಾಡುವುದಕ್ಕೆ ಎದ್ದಳು. ಬೇರೆಯವರೆಲ್ಲ ಎರಡು ನಿಮಿಷದಲ್ಲಿ ನಾಡಿ, ಕಣ್ಣು, ಕುತ್ತಿಗೆ ಮುಗಿಸಿ ಎದೆಗೆ ಓಡಿ ಬರುತ್ತಿದ್ದರು. ಇವಳು ಓಡಲಿಲ್ಲ. ನಾಡಿ ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಕಣ್ಣಿನ ರೆಪ್ಪೆ ಇಳಿಸಿ ಬಹಳ ಹೊತ್ತು ನೋಡಿದಳು. ಕೈಯೆತ್ತಿ ಉಗುರುಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೆಹಂದಿ ಬಿಟ್ಟರೆ ಅಲ್ಲೇನೂ ಕಾಣುವಂತಿರಲಿಲ್ಲ. "ಯಾರ ಮದುವೆ ಮಾಸಿ?" ಎಂದಳು, ನಾನು ಹೇಳಿದೆ. ನನಗೇ ಚಡಪಡಿಕೆ. ಎಡಕ್ಕೆ ಅರ್ಧ ಹೊರಳಿಯೂಬಿಟ್ಟೆ. ಬಾರೇ ತಾಯಿ ಇತ್ತ, ಹೃದಯ ಇಲ್ಲಿದೆ!

ಅವಳು ಕಾಲಿನ ಕಡೆಗೆ ಹೋದಳು.

ಬಾವು ನೋಡಲು ಕಣಕಾಲು ಒತ್ತಿದಳು. ಆಮೇಲೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬಗ್ಗಿದಳು. ಬಗ್ಗಿದವಳು ಏಳಲಿಲ್ಲ. ನೋಯುತ್ತಿದ್ದ ಬೆರಳಿನ ಮೆತ್ತನೆ ಭಾಗವನ್ನು ಮೆಲ್ಲಗೆ ಒತ್ತಿದ್ದೇ ತಡ, ನಾನು "ಅಯ್ಯೋ ಯವ್ವಾ!" ಎಂದು ಕಾಲು ಎಳೆದುಕೊಂಡೆ.

"ಚಪ್ಪಲಿ ಕಚ್ಚಿದ್ದು" ಎಂದೆ ಹಿಂದಿಯಲ್ಲಿ.

"ಚಪ್ಪಲಿ ಬೆರಳಿನ ಅಡಿಯಲ್ಲಿ ಕಚ್ಚುವುದಿಲ್ಲ ಮಾಸಿ."

ಅವಳ ದನಿ ಬದಲಾಗಿತ್ತು. ಪುಟ್ಟ ಟಾರ್ಚಿನ ಬೆಳಕು ಹಾಕಿ ಕಾಲಿನ ಉಗುರುಗಳನ್ನು ನೋಡತೊಡಗಿದಳು. ನಾನೂ ಕತ್ತೆತ್ತಿ ನೋಡಿದೆ. ಉಗುರಿನ ಕೆಳಗೆ ಸಣ್ಣ ಸಣ್ಣ ಕಪ್ಪು ಗೆರೆಗಳಿದ್ದವು, ಮುಳ್ಳು ಮುರಿದು ಒಳಗುಳಿದ ಹಾಗೆ. ಅವು ಎಂದಿನಿಂದ ಇದ್ದವೋ ನನಗೆ ಗೊತ್ತಿಲ್ಲ. ನನ್ನ ಕಾಲನ್ನು ನಾನೇ ನೋಡಿಕೊಂಡು ಎಷ್ಟು ಕಾಲವಾಗಿತ್ತೋ.

"ಮಾಸಿ, ಇನ್ನೊಮ್ಮೆ ಕೇಳುತ್ತೇನೆ. ಜ್ವರ ಬರುತ್ತಿದೆಯಾ?"

ನಾನು ಪರೀಕ್ಷಕರ ಕಡೆ ನೋಡಿದೆ. ಅವರ ಮುಖದಲ್ಲಿ ಏನೂ ಇರಲಿಲ್ಲ. ಏನೂ ಇರಬಾರದೆಂಬುದೇ ನಿಯಮ ಎಂದು ಗೊತ್ತಿದ್ದರೂ ಆ ಖಾಲಿ ಮುಖ ನೋಡಿ, ಇವರಿಗೆ ಗೊತ್ತಿದೆ, ಹೇಳುತ್ತಿಲ್ಲ ಎನಿಸಿತು. ಹೌದೆಂದರೆ ಮೌಲಿಕ್‌ಗೆ ಕೊಟ್ಟ ಮಾತು ಹೋಯಿತು, ಈ ಹುಡುಗಿಯ ಪರೀಕ್ಷೆಯೂ ಕೆಡಬಹುದು. ಆದರೆ ನಿಜವಾಗಿ ನನ್ನ ಬಾಯಿ ಕಟ್ಟಿದ್ದು ಅದಲ್ಲ. ಜ್ವರವನ್ನೂ ಹೃದಯವನ್ನೂ ಒಂದೇ ಡಾಕ್ಟರ ಎದುರು ಒಟ್ಟಿಗೆ ಇಟ್ಟರೆ ಅವು ಒಂದೇ ಕಾಯಿಲೆ ಆಗಿಬಿಡುತ್ತವೆ ಎಂಬ ಹೆದರಿಕೆ. ಬೇರೆ ಬೇರೆ ಇರುವವರೆಗೆ ಎರಡೂ ಸಣ್ಣವು.

"ಬರುತ್ತಿದೆ" ಎಂದೆ. "ವಾರಗಳಿಂದ ಬರುತ್ತಿದೆ ಬೇಟಾ."

ಗಂಟೆ ಹೊಡೆಯಿತು.

ಹೇತಲ್ ಎದ್ದು ನಿಂತಳು. ಕುತ್ತಿಗೆಯಲ್ಲಿದ್ದ ಸ್ಟೆಥಸ್ಕೋಪನ್ನು ಅವಳು ತೆಗೆದೇ ಇರಲಿಲ್ಲ. ಹೃದಯದ ಕೇಸಿನ ಪರೀಕ್ಷೆಯಲ್ಲಿ ಹೃದಯವನ್ನೇ ಕೇಳದೆ ಸಮಯ ಮುಗಿದಿತ್ತು. "ಸರ್, ಈ ಪೇಷೆಂಟ್ ಇವತ್ತು ಮನೆಗೆ ಹೋಗಬಾರದು" ಎಂದಳು. ಪರೀಕ್ಷಕರು ಕೈಯಿಂದ ಮುಂದಿನ ಮಂಚ ತೋರಿಸಿದರು, ಅಷ್ಟೇ. ಅವಳು ಹೋದಳು.

ಆಮೇಲೆ ಅವರು ಸ್ಟೂಲಿನಿಂದ ಎದ್ದು ಬಂದು ನನ್ನ ಕಾಲಿನ ಬಳಿ ನಿಂತರು. ಕನ್ನಡಕ ಹಣೆಗೇರಿಸಿ ಬಗ್ಗಿದರು. ಇಷ್ಟು ಪರೀಕ್ಷೆಗಳಲ್ಲಿ ಎಷ್ಟು ಜನ ದೊಡ್ಡ ಡಾಕ್ಟರು ಬಂದಿದ್ದರೂ ಎಲ್ಲರೂ ಎದೆಯ ಹತ್ತಿರ ಬಂದವರೇ. ಕಾಲಿನ ಹತ್ತಿರ ನಿಂತವರು ಇವರೊಬ್ಬರೇ.

"ಜೊತೆಗೆ ಯಾರು ಬಂದಿದ್ದಾರೆ?" ಎಂದರು.

ಒಳ್ಳೆಯ ಸುದ್ದಿ ಹೇಳುವವರು ಯಾರೂ ಈ ಪ್ರಶ್ನೆ ಕೇಳುವುದಿಲ್ಲ.

ಅಂದೇ ಅಡ್ಮಿಟ್ ಮಾಡಿಕೊಂಡರು. ಎರಡೂ ಕೈಗಳಿಂದ ರಕ್ತ ತೆಗೆದು, ಸೋಂಕು ಇದೆಯೇ ಎಂದು ನೋಡಲು ಕಲ್ಚರ್‌ಗೆ ಕಳಿಸಿದರು. ಮತ್ತೆ ಎಕೋ. ವಾಲ್ವಿನ ಮೇಲೆ ಸೋಂಕು ಕೂತಿದೆ, ಅಲ್ಲೊಂದು ಗಂಟು ಬೆಳೆದು ಪ್ರತಿ ಬಡಿತಕ್ಕೂ ಅಲ್ಲಾಡುತ್ತಿದೆ ಎಂದು ಆಮೇಲೆ ಹೇಳಿದರು. ಎಂಡೋಕಾರ್ಡೈಟಿಸ್. ಅದರಿಂದ ಉದುರಿದ ಚೂರುಗಳೇ ಕಾಲಿನ ಬೆರಳಿಗೆ ಹೋಗಿ ಕೂತಿದ್ದಂತೆ. ಎಲ್ಲಿಂದ ಬಂತು ಎಂದು ಖಚಿತವಾಗಿ ಹೇಳಲಾಗದು ಎಂದರು.

ಓಡಿ ಬಂದ ನಮ್ಮನೆಯವರು ಕೇಳಿದರು, "ಚೂರು ಬ್ಯಾರೆ ಕಡೆ ಹೋದ್ರ?"

ಡಾಕ್ಟರು ತಮ್ಮ ತಲೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದರು.

ಅಲ್ಲಿಂದ ಮುಂದಿನ ವಾರಗಳ ಬಗ್ಗೆ ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಡ್ರಿಪ್ಪಿನಲ್ಲಿ ಆಂಟಿಬಯಾಟಿಕ್. ಒಂದು ಮುಗಿದರೆ ಇನ್ನೊಂದು. ಕೈಯ ನರಗಳು ಒಂದೊಂದೇ ಮುಷ್ಕರ ಹೂಡಿದವು. ಆದರೆ ಸೂಜಿ ನನಗೆ ಲೆಕ್ಕವಿರಲಿಲ್ಲ. ಭಯವೆಲ್ಲ ಆ ಚೂರಿನದು. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕೈಬೆರಳು ಮಡಚಿ ನೋಡುತ್ತಿದ್ದೆ, ಕಾಲು ಅಲ್ಲಾಡಿಸುತ್ತಿದ್ದೆ. ಮಾತು ಹೋಗಿದೆಯೋ ಇದೆಯೋ ಎಂದು ಮೆಲುದನಿಯಲ್ಲಿ ತವರಿನ ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದೆ: ದೊಡ್ಡಣ್ಣ, ಸಣ್ಣಣ್ಣ, ಗಿರಿಜಕ್ಕ, ಶಾಂತಕ್ಕ. ಒಂದು ದಿನ ಶಾಂತಕ್ಕನ ಹೆಸರು ತಟ್ಟನೆ ಹೊಳೆಯಲಿಲ್ಲ. ನರ್ಸನ್ನು ಕೂಗಿ ಇಡೀ ವಾರ್ಡು ಎಬ್ಬಿಸಿದೆ. ಏನೂ ಆಗಿರಲಿಲ್ಲ, ಮರೆತಿದ್ದೆ ಅಷ್ಟೇ. ಸಂಜೆ ಶಾಂತಕ್ಕನಿಗೇ ಫೋನಿನಲ್ಲಿ ಹೇಳಿದರೆ, "ಚಲೋ ಆತು ಬಿಡು, ನಾ ಸತ್ತ ಮ್ಯಾಲ ಮರೆಯೂದು ಈಗ್ಲೇ ಮರ್ತಿ" ಎಂದು ನಗಿಸಿ, ತಾನು ಅತ್ತಳು.

ಮೌಲಿಕ್ ಬಂದು ಮಂಚದ ಪಕ್ಕ ತಲೆ ತಗ್ಗಿಸಿ ನಿಂತ. ನಮ್ಮನೆಯವರು ಅವನನ್ನು ಹಿಗ್ಗಾಮುಗ್ಗಾ ಬೈದರು, ಅರ್ಧ ಹಿಂದಿ, ಅರ್ಧ ಧಾರವಾಡ ಕನ್ನಡ. ಅವನಿಗೆ ಎರಡೂ ಪೂರ್ತಿ ಅರ್ಥವಾದ ಹಾಗೆ ಕಂಡಿತು. "ಒಳ್ಳೆಯ ಕೇಸ್ ಅಂದುಕೊಂಡು ಉಳಿದದ್ದನ್ನು ನೋಡಲಿಲ್ಲ ಮಾಸಿ" ಎಂದ. ಅವನು ಹಾಡಿದ ಹಾಡಿಗೆ ನಾನೂ ತಾಳ ಹಾಕಿದವಳೇ.

ಹೇತಲ್ ಏನಾದಳೆಂದು ಅವನನ್ನೇ ಕೇಳಿದೆ.

"ಆ ಸ್ಟೇಷನ್‌ನಲ್ಲಿ, ಅಂದರೆ ನಿಮ್ಮ ಮಂಚದ ಪರೀಕ್ಷೆಯಲ್ಲಿ, ಫೇಲ್. ಹಾರ್ಟನ್ನೇ ಕೇಳಲಿಲ್ಲವಲ್ಲ."

ನನಗೆ ಮೈ ಉರಿಯಿತು. ಮರುದಿನ ರೌಂಡ್ಸಿಗೆ ಬಂದ ವಿಭಾಗದ ಮುಖ್ಯಸ್ಥರನ್ನು ತಡೆದು ನಿಲ್ಲಿಸಿ ಕೇಳಿಯೇಬಿಟ್ಟೆ: ನನ್ನನ್ನು ಉಳಿಸಿದವಳನ್ನು ನೀವು ಹೇಗೆ ಫೇಲ್ ಮಾಡುತ್ತೀರಿ? ಅವರು ಸಿಟ್ಟಾಗಲಿಲ್ಲ. "ಕಂಡುಹಿಡಿದದ್ದಕ್ಕೆ ಪೂರ್ತಿ ಅಂಕ ಬಂದಿದೆ ಬೆನ್. ಮಾಡದೆ ಬಿಟ್ಟದ್ದಕ್ಕೆ ಹೇಗೆ ಕೊಡಲಿ? ನಾಳೆ ಇನ್ನೊಬ್ಬರ ಕಾಯಿಲೆ ಎದೆಯಲ್ಲೇ ಇರುತ್ತದೆ, ಕಾಲಿನಲ್ಲಿ ಇರುವುದಿಲ್ಲ" ಎಂದರು. ಮಾತು ಸರಿಯಾಗಿಯೇ ಇತ್ತು. ಸಿಟ್ಟು ಮಾತ್ರ ಹೋಗಲಿಲ್ಲ.

ಕೆಲವು ದಿನಗಳ ಮೇಲೆ ಅವಳೇ ಬಂದಳು. ನನ್ನ ಕಾಲಿನ ಬಳಿಯೇ ಕುಳಿತಳು.

"ಮಾಸಿ, ಎಲ್ಲರೂ ನನ್ನನ್ನು ಹೊಗಳುತ್ತಿದ್ದಾರೆ. ನಿಮಗೆ ನಿಜ ಹೇಳಿಬಿಡುತ್ತೇನೆ. ನನಗೆ ಹೃದಯದ ಸದ್ದು ಸರಿಯಾಗಿ ತಿಳಿಯುವುದಿಲ್ಲ. ಬೇರೆಯವರಿಗೆ ಕೇಳಿಸುವುದು ನನಗೆ ಕೇಳಿಸುವುದಿಲ್ಲ. ಆ ದಿನ ಬಹಳ ಹೆದರಿದ್ದೆ. ಎದೆಗೆ ಬರುವುದನ್ನು ತಪ್ಪಿಸಲು ಕಾಲಿನ ಹತ್ತಿರ ಹೊತ್ತು ಕಳೆಯುತ್ತಿದ್ದೆ."

ಇಷ್ಟು ದಿನ ಇವಳು ಮಹಾಬುದ್ಧಿವಂತೆ, ಅದಕ್ಕೇ ಕಂಡಳು ಎಂದುಕೊಂಡಿದ್ದೆ. ಅಲ್ಲ, ಹೆದರಿದ್ದಳು. ನಾನು ಹೆದರಿ ಬಾಯಿ ಮುಚ್ಚಿದ್ದೆ, ಅವಳು ಹೆದರಿ ನನ್ನ ಪಾದ ಹಿಡಿದು ಕೂತಿದ್ದಳು. ನನ್ನ ಜೀವ ಇಷ್ಟು ಸಣ್ಣ ಸಂಗತಿಯ ಮೇಲೆ ನಿಂತಿತ್ತು. ಅವಳಿಗೆ ಅಂದು ಸ್ವಲ್ಪ ಧೈರ್ಯ ಹೆಚ್ಚಿದ್ದಿದ್ದರೆ ನಾನು ಇಂದು ಇದನ್ನು ಬರೆಯುತ್ತಿರಲಿಲ್ಲ.

"ಹಂಗಾದ್ರ ಈಗ ಕೇಳು" ಎಂದೆ ಕನ್ನಡದಲ್ಲೇ, ಆಮೇಲೆ ಹಿಂದಿಯಲ್ಲಿ. "ಗಂಟೆ ಹೊಡೆಯುವವರು ಯಾರೂ ಇಲ್ಲ."

ಅಂದಿನಿಂದ ಡ್ಯೂಟಿ ಮುಗಿಸಿ ಹೋಗುವಾಗ ಬರುತ್ತಿದ್ದಳು. ನಾನು ಎಡಕ್ಕೆ ಹೊರಳಿ ಉಸಿರು ಬಿಟ್ಟು ಹಿಡಿಯುತ್ತಿದ್ದೆ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು, ತಲೆಯಾಡಿಸಿ ಎದ್ದು ಹೋಗುತ್ತಿದ್ದಳು. ಪೂರ್ವಾ ಒಂದು ಸಂಜೆ ನೋಡಿ, "ಮಮ್ಮಿ, ಇದು ಟ್ಯೂಷನ್ ಕ್ಯಾ?" ಎಂದಳು. ಜ್ವರ ಬಿಟ್ಟಿತು. ಕಲ್ಚರ್ ಶುದ್ಧವಾಗಿ ಬಂತು. ಕಾಲಿನ ಗೆರೆಗಳು ಉಗುರಿನ ಜೊತೆ ಬೆಳೆದು ಮುಂದಕ್ಕೆ ಬಂದವು, ಕೈಯುಗುರಿನ ಮೆಹಂದಿಯೂ ಹಾಗೆಯೇ ಅಂಚಿಗೆ ಸರಿಯಿತು.

ಡಿಸ್ಚಾರ್ಜ್ ದಿನ ಹೇತಲ್ ಬಹಳ ಹೊತ್ತು ಕೇಳಿದಳು. ಡಾಕ್ಟರುಗಳ ಮುಖ ಓದುವ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಅವಳ ಹುಬ್ಬು ಮೊದಲು ಏರಿತು, ಆಮೇಲೆ ಗಂಟಾಯಿತು.

"ಕೇಳಿಸಿತು ಮಾಸಿ."

"ಏನು ಕೇಳಿಸಿತು? ಹೇಳು. ಮುಚ್ಚಿಡಬೇಡ."

ಅವಳು ಸ್ಟೆಥಸ್ಕೋಪ್ ತೆಗೆದು ನನ್ನ ಮುಖ ನೋಡಿದಳು. ಅಲ್ಲಿ ಪರೀಕ್ಷಕರಿರಲಿಲ್ಲ, ನೋಡಲು ಬೇರೆ ಮುಖವೇ ಇರಲಿಲ್ಲ. "ಹಳೆಯ ಸದ್ದು ಇದೆ. ಅದರ ಜೊತೆ ಹೊಸದೊಂದು ಬಂದಿದೆ. ಸೋಂಕು ವಾಲ್ವನ್ನು ತಿಂದಿದೆ, ಸೋರುತ್ತಿದೆ. ಎಕೋದಲ್ಲೂ ಹಾಗೇ ಇದೆ. ಅಹಮದಾಬಾದಿಗೆ ಕಳಿಸುತ್ತಾರೆ, ಆಪರೇಷನ್ ಬೇಕಾಗುತ್ತದೆ. ಸರ್ ಮಧ್ಯಾಹ್ನ ಬಂದು ಹೇಳುತ್ತಾರೆ."

ನನಗೆ ಭಯವಾಯಿತು. ಈಗಲೂ ಇದೆ. ಇದನ್ನು ಬರೆಯುತ್ತಿರುವುದು ಆಪರೇಷನ್ನಿನ ದಿನಕ್ಕೆ ಕಾಯುತ್ತಾ. ಎದೆ ತೆರೆಯುತ್ತಾರೆ, ಹೊಸ ವಾಲ್ವ್ ಹಾಕುತ್ತಾರೆ, ಪುಸ್ತಕದಲ್ಲಿರುವಂಥ ಆ ಸದ್ದು ಇನ್ನು ಇರುವುದಿಲ್ಲ. ಮುಂದಿನ ಪರೀಕ್ಷೆಗಳಿಗೆ ಅವರು ಬೇರೆ ಕೇಸ್ ಹುಡುಕಿಕೊಳ್ಳಲಿ. ಬೆಳಿಗ್ಗೆ ಎದ್ದು ಅಣ್ಣಂದಿರ, ಅಕ್ಕಂದಿರ ಹೆಸರು ಹೇಳಿಕೊಳ್ಳುವುದನ್ನು ನಾನಿನ್ನೂ ಬಿಟ್ಟಿಲ್ಲ. ಬದುಕಿರುವುದೇ ದೊಡ್ಡದು ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೌದೆನ್ನುತ್ತೇನೆ, ಹಾಗೆನ್ನುವಾಗ ಕೈ ತಾನಾಗಿ ಎದೆಯ ಮೇಲೆ ಹೋಗಿರುತ್ತದೆ.

ಡಿಸ್ಚಾರ್ಜ್ ಆದ ಅಂದು ಚೀಲ ಕಟ್ಟಿಕೊಂಡು ವಾರ್ಡಿನಿಂದ ಹೊರಟಾಗ ನೆನಪಾಯಿತು. ಪರೀಕ್ಷೆಯ ದಿನದ ಗಡಿಬಿಡಿಯಲ್ಲಿ ಇದೇ ಡಾಕ್ಟರ ಹತ್ತಿರ ಮತ್ತೆ ಬರುತ್ತೀರಾ ಎಂಬ ಕೊನೆಯ ಆ ಒಂದು ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲೇ ಇಲ್ಲ. ತಿರುಗಿ ಹೋದೆ. ಹೇತಲ್ ಮೂಲೆಯ ಮಂಚದಲ್ಲಿ ಒಬ್ಬ ಅಜ್ಜನ ಎದೆಗೆ ಸ್ಟೆಥಸ್ಕೋಪ್ ಇಟ್ಟಿದ್ದಳು. ಅಜ್ಜನ ಹೊದಿಕೆ ಪಾದದ ಮೇಲಿಂದ ಆಗಲೇ ಸರಿದಿತ್ತು. ಅವಳು ಕಿವಿಯಿಂದ ಸ್ಟೆಥಸ್ಕೋಪ್ ತೆಗೆಯುವವರೆಗೆ ಕಾದು ನಿಂತೆ.

"ಹೌದು" ಎಂದೆ. "ಬರ್ತೀನಿ ಬೇಟಾ. ನಿನ್ನ ಹತ್ತಿರವೇ."

ಯಾವ ಪ್ರಶ್ನೆಗೆ ಉತ್ತರವೆಂದು ಅವಳು ಕೇಳಲಿಲ್ಲ.